ಓದಲು ಬಾರದ ಊರಿಗೆ ಬಂಡೆ ಏರಲು ಹೋದೆವು

(ಸಾಕ್ಷರತಾ ಕಲಿಕಾ ಕೇಂದ್ರದಲ್ಲಿ ಇಬ್ಬರು ಗೆಳತಿಯರು ಕೂಡಿ ಆಡಿದ ಮಾತು)

ನಾವಿಬ್ಬರು ಗೆಳತಿಯರು. ಬಂಡೆ ಏರುವುದು ನಮಗೆ ಇಷ್ಟ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಕೈ ಕಾಲು ಊರಿ, ಕಡಿದಾದ ಕಲ್ಲನ್ನು ಏರುತ್ತೇವೆ. ರಜೆ ಸಿಕ್ಕರೆ ಸಾಕು, ಬೆಟ್ಟ ಹುಡುಕಿಕೊಂಡು ಹೊರಡುತ್ತೇವೆ. "ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕಮ್ಮಾ?" ಅಂತ ಕೆಲವರು ಕೇಳುತ್ತಾರೆ. ಹುಣಸೆ ಮರ ಹತ್ತಿ ಕಾಯಿ ಉದುರಿಸಿದ ಅಕ್ಕಂದಿರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ ನೋಡೋಣ. ನೋಡಿದ್ರಾ, ಎಷ್ಟೊಂದು ಕೈ! ಹತ್ತುವ ಆಸೆ ಎಲ್ಲರಿಗೂ ಇದೆ. ನಮಗೆ ಸ್ವಲ್ಪ ಜಾಸ್ತಿ, ಅಷ್ಟೇ.

ನಮ್ಮ ನಾಡಿನಲ್ಲಿ ಬಂಡೆಗೆ ಬರ ಇಲ್ಲ. ರಾಮನಗರದ ಬೆಟ್ಟಗಳನ್ನು ನೀವು ಸಿನಿಮಾದಲ್ಲಿ ನೋಡಿರಬಹುದು. 1975ರಲ್ಲಿ ತೆರೆಗೆ ಬಂದ 'ಶೋಲೆ' ಚಿತ್ರವನ್ನು ತೆಗೆದದ್ದು ಅಲ್ಲೇ. ಬಾದಾಮಿಯ ಕೆಂಪು ಬಂಡೆ ಏರಲು ಹೊರದೇಶದವರೂ ಬರುತ್ತಾರೆ. ಚಿತ್ರದುರ್ಗದ ಕೋಟೆಯ ಗೋಡೆಯನ್ನು ಬರಿಗೈಯಲ್ಲಿ ಏರುವ ಜ್ಯೋತಿರಾಜ್ ಅವರ ಹೆಸರು ಕೇಳದವರು ಕಡಿಮೆ. ನಾವು ಅವರ ಹಾಗೆ ಹಗ್ಗವಿಲ್ಲದೆ ಏರುವವರಲ್ಲ. ಹಗ್ಗ ಇದ್ದರೆ ಮಾತ್ರ ನಮ್ಮ ಕಾಲು ನೆಲ ಬಿಡುತ್ತದೆ.

2025ರ ಡಿಸೆಂಬರಿನಲ್ಲಿ ನಾವು ಮೊದಲ ಸಲ ಹೊರದೇಶಕ್ಕೆ ಹೋದೆವು. ಹೋದದ್ದು ಥಾಯ್ಲೆಂಡಿಗೆ. ಅಲ್ಲಿ ಕ್ರಾಬಿ ಅಂತ ಒಂದು ಸೀಮೆ. ಅಲ್ಲಿ ಕಡಲ ದಡದಲ್ಲೇ ಎತ್ತರದ ಬಂಡೆಗಳು ಎದ್ದು ನಿಂತಿವೆ. ಅದಕ್ಕಾಗಿ ಇಬ್ಬರೂ ಎರಡು ವರ್ಷ ದುಡ್ಡು ಕೂಡಿಟ್ಟೆವು.

ಆ ದೇಶದಲ್ಲಿ ಇಳಿದ ಕೂಡಲೇ ನಮಗೊಂದು ಅನುಭವ ಆಯಿತು. ಶಾಲೆ ಕಲಿತ ನಾವು ಅಲ್ಲಿ ಓದಲು ಬಾರದವರಾದೆವು. ಅಂಗಡಿ ಹಲಗೆ ಓದಲಾರೆವು. ಬಸ್ಸಿನ ಮೇಲಿನ ಊರು ಓದಲಾರೆವು. ಎಚ್ಚರಿಕೆ ಹಲಗೆಯನ್ನೂ ಓದಲಾರೆವು. ಅಕ್ಷರ ಗೊತ್ತಿಲ್ಲದ ಕಷ್ಟ ಏನು ಅಂತ ನಿಮಗೆ ನಾವು ಹೇಳಬೇಕಾಗಿಲ್ಲ. ಆದರೆ ಆ ಕಷ್ಟದಲ್ಲಿ ನಮಗೆ ಯಾವುದು ಕೈ ಹಿಡಿಯಿತು ಅಂತ ಹೇಳಬೇಕು ಅನ್ನಿಸಿತು. ಅದಕ್ಕೇ ಬಂದಿದ್ದೇವೆ.

ಹೊರಡುವ ಮೊದಲು

ಹೊರದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಬೇಕು. ಅದು ಒಂದು ಚಿಕ್ಕ ಪುಸ್ತಕ. ನಾವು ಯಾರು, ಯಾವ ದೇಶದವರು ಅಂತ ಹೇಳುವ ಪುಸ್ತಕ. ಅದನ್ನು ನಮ್ಮ ಸರ್ಕಾರ ಕೊಡುತ್ತದೆ. ಅದರಲ್ಲಿ ಫೋಟೋ, ಹೆಸರು, ಹುಟ್ಟಿದ ದಿನ ಎಲ್ಲ ಇರುತ್ತದೆ. ವಿಮಾನದ ಟಿಕೆಟ್ಟಿನಲ್ಲೂ ಹೆಸರು ಅದೇ ರೀತಿ ಇರಬೇಕು. ಒಂದಕ್ಷರ ತಪ್ಪಿದರೂ ತೊಂದರೆ ಆಗಬಹುದು. ನಾವಿಬ್ಬರೂ ಕೂತು ಅಕ್ಷರ ಅಕ್ಷರ ಹೊಂದಿಸಿ ನೋಡಿದೆವು.

ಇನ್ನೊಂದು ವೀಸಾ. ವೀಸಾ ಅಂದರೆ ಆ ದೇಶದವರು ಕೊಡುವ ಒಪ್ಪಿಗೆ. ನಾವು ಹೋದ ಸಮಯದಲ್ಲಿ ಥಾಯ್ಲೆಂಡ್ ನೋಡಲು ಹೋಗುವ ಭಾರತೀಯರು ಮೊದಲೇ ವೀಸಾ ಪಡೆಯಬೇಕಾಗಿರಲಿಲ್ಲ. ಈ ನಿಯಮ ಆಗಾಗ ಬದಲಾಗುತ್ತದೆ. ಹೋಗುವವರು ವಿಚಾರಿಸಿಯೇ ಹೋಗಬೇಕು.

ಬರುವವರು ಒಂದು ಅರ್ಜಿಯನ್ನೂ ತುಂಬಬೇಕು. ಯಾರು, ಎಲ್ಲಿ ಉಳಿಯುತ್ತೀರಿ, ಯಾವ ವಿಮಾನ ಅಂತ ಅದರಲ್ಲಿ ಕೇಳುತ್ತಾರೆ. 2025ರ ಮೇ 1ರಿಂದ ಅದನ್ನು ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ತುಂಬುವ ಪದ್ಧತಿ ಬಂದಿದೆ. ಅಲ್ಲಿಗೆ ತಲುಪುವ ಮುಂಚಿನ ಮೂರು ದಿನದೊಳಗೆ ತುಂಬಬೇಕು. ಅದಕ್ಕೆ ದುಡ್ಡಿಲ್ಲ. ಆದರೆ ಸರ್ಕಾರದ್ದೇ ಎನ್ನುವ ಹಾಗೆ ತೋರಿಸಿ ದುಡ್ಡು ಕೀಳುವ ಮೋಸದ ಪುಟಗಳೂ ಇವೆ. ನೋಡಿದ್ರಾ, ಮೋಸ ಮಾಡುವವರು ಅರ್ಜಿ ತುಂಬುವ ಜಾಗದಲ್ಲೇ ಕಾಯುತ್ತಾರೆ. ಹೆಸರು ಪೂರ್ತಿ ಓದಿ, ಸರ್ಕಾರದ್ದೇ ಅಂತ ತಿಳಿದ ಮೇಲೆ ನಾವು ತುಂಬಿದೆವು.

ಸುವರ್ಣಭೂಮಿ

ಬೆಂಗಳೂರಿನಿಂದ ಬ್ಯಾಂಕಾಕಿಗೆ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆ. ಬ್ಯಾಂಕಾಕ್ ಥಾಯ್ಲೆಂಡಿನ ರಾಜಧಾನಿ. ಇಳಿದ ಮೇಲೆ ಕೈಗಡಿಯಾರವನ್ನು ಒಂದೂವರೆ ಗಂಟೆ ಮುಂದಕ್ಕೆ ತಿರುಗಿಸಿದೆವು. ಅಲ್ಲಿ ಸೂರ್ಯ ನಮಗಿಂತ ಮುಂಚೆ ಹುಟ್ಟುತ್ತಾನೆ.

ಆ ವಿಮಾನ ನಿಲ್ದಾಣದ ಹೆಸರು ಏನು ಗೊತ್ತಾ? ಸುವರ್ಣಭೂಮಿ! ನಮ್ಮದೇ ಮಾತು. ಅವರು ಅದನ್ನು 'ಸುವನ್ನಪೂಮ್' ಅನ್ನುತ್ತಾರೆ. 2006ರಲ್ಲಿ ತೆರೆದ ನಿಲ್ದಾಣ ಅದು. ಒಳಗೆ ಆಳೆತ್ತರವನ್ನೂ ಮೀರಿದ ಯಕ್ಷರ ವಿಗ್ರಹಗಳಿವೆ. ಅವರಲ್ಲೂ ರಾಮಾಯಣ ಇದೆ. ಅದಕ್ಕೆ 'ರಾಮಕಿಯೆನ್' ಅನ್ನುತ್ತಾರೆ. ದೇವತೆಗಳೂ ಅಸುರರೂ ಹಾವನ್ನೇ ಹಗ್ಗ ಮಾಡಿಕೊಂಡು ಕಡಲು ಕಡೆಯುವ ದೊಡ್ಡ ವಿಗ್ರಹವೂ ಆ ನಿಲ್ದಾಣದಲ್ಲಿದೆ.

ಸಾಲಿನಲ್ಲಿ ನಿಂತೆವು. ಅಧಿಕಾರಿ ಪಾಸ್‌ಪೋರ್ಟ್ ನೋಡಿದರು. ನಮ್ಮ ಮುಖ ನೋಡಿದರು. ಠಪ್ ಅಂತ ಮುದ್ರೆ ಒತ್ತಿದರು. ಆ ಮುದ್ರೆಯಲ್ಲಿ ಎರಡು ತಾರೀಖು ಇರುತ್ತವೆ. ಒಂದು ಬಂದ ದಿನ. ಇನ್ನೊಂದು, ಯಾವ ದಿನದವರೆಗೆ ಇರಬಹುದು ಅನ್ನುವುದು. ಅದಕ್ಕಿಂತ ಒಂದು ದಿನ ಹೆಚ್ಚು ಇದ್ದರೂ ತಪ್ಪು, ದಂಡ. ಪಕ್ಕಕ್ಕೆ ಸರಿದು ಎರಡೂ ತಾರೀಖು ಓದಿಕೊಂಡೆವು. ಆಮೇಲೆ ಮುಂದೆ ಹೆಜ್ಜೆ ಇಟ್ಟೆವು.

ಬಾರದ ಚೀಲ

ಬ್ಯಾಂಕಾಕಿನಿಂದ ಇನ್ನೊಂದು ವಿಮಾನದಲ್ಲಿ ಕ್ರಾಬಿಗೆ ಬಂದೆವು. ಅಲ್ಲಿ ಚೀಲಗಳು ರಬ್ಬರ್ ಪಟ್ಟಿಯ ಮೇಲೆ ಒಂದೊಂದಾಗಿ ಬರುತ್ತವೆ. ಬಟ್ಟೆ, ಬೂಟು ಇದ್ದ ಚೀಲ ಬಂತು. ಹಗ್ಗದ ಚೀಲ ಬರಲಿಲ್ಲ. ಜನ ಎಲ್ಲ ಹೋದರು. ಪಟ್ಟಿ ನಿಂತಿತು. ನಾವಿಬ್ಬರೇ ಉಳಿದೆವು.

ಹಗ್ಗ ಇಲ್ಲದೆ ಬಂಡೆ ಏರಲು ಬಂದವರ ಪಾಡು ಹೇಗಿರುತ್ತದೆ ಹೇಳಿ. ಮಗ್ಗ ಇಲ್ಲದ ನೇಕಾರನ ಹಾಗೆ. ಎದೆ ಧಸಕ್ಕೆಂದಿತು.

ದೂರು ಕೊಡುವ ಮೇಜಿನ ಹತ್ತಿರ ಹೋದೆವು. ಅಲ್ಲಿದ್ದ ಹುಡುಗಿಗೆ ಇಂಗ್ಲಿಷು ಸ್ವಲ್ಪ ಬರುತ್ತಿತ್ತು. ನಮ್ಮದೂ ಅಷ್ಟಕ್ಕಷ್ಟೇ. ಆದರೆ ಆಕೆಯ ಹತ್ತಿರ ಒಂದು ಚಿತ್ರದ ಹಾಳೆ ಇತ್ತು. ಅದರಲ್ಲಿ ನಾನಾ ಬಗೆಯ ಚೀಲ, ಪೆಟ್ಟಿಗೆಗಳ ಚಿತ್ರ. ಬಣ್ಣಗಳ ಚಿತ್ರ. ಭಾಷೆ ಬಾರದವರೂ ಬೆರಳಿಟ್ಟು ತೋರಿಸಬಹುದು. ನಾವು ನಮ್ಮ ಚೀಲದಂಥ ಚಿತ್ರಕ್ಕೆ ಬೆರಳಿಟ್ಟೆವು. ನೀಲಿ ಬಣ್ಣಕ್ಕೆ ಬೆರಳಿಟ್ಟೆವು.

ಬೆಂಗಳೂರಿನಲ್ಲಿ ಚೀಲ ಒಪ್ಪಿಸಿದಾಗ ಒಂದು ಚಿಕ್ಕ ಚೀಟಿ ಕೊಟ್ಟಿದ್ದರು. ಅದನ್ನು ಜೋಪಾನವಾಗಿ ಇಟ್ಟಿದ್ದೆವು. ಅದರಲ್ಲಿದ್ದ ಅಂಕಿಗಳನ್ನು ಆಕೆ ಒಂದೊಂದಾಗಿ ಒತ್ತಿದಳು. ಚೀಲ ಎಲ್ಲಿದೆ ಅಂತ ಗೊತ್ತಾಯಿತು. ಬ್ಯಾಂಕಾಕಿನಲ್ಲೇ ಉಳಿದಿತ್ತು. "ನಾಳೆ ಬರುತ್ತದೆ" ಅಂದಳು. ಅವಳು ಬರೆದ ಕಾಗದದ ಒಂದು ಪ್ರತಿ ಕೇಳಿ ತೆಗೆದುಕೊಂಡೆವು.

ಆ ಚೀಟಿ ಬೆರಳಗಲ. ಎಸೆದಿದ್ದರೆ ಏನಾಗುತ್ತಿತ್ತು? ರಶೀದಿ ಚಿಕ್ಕದು ಅಂತ ಎಸೆಯಬಾರದು. ಬ್ಯಾಂಕಿನದಿರಲಿ, ಗೊಬ್ಬರದ ಅಂಗಡಿಯದಿರಲಿ, ಆಸ್ಪತ್ರೆಯದಿರಲಿ, ಎತ್ತಿಡಿ.

ಉದ್ದ ಬಾಲದ ದೋಣಿ

ನಾವು ಹೋಗಬೇಕಾಗಿದ್ದ ಜಾಗದ ಹೆಸರು ರೈಲೇ. ಅದು ನಡುಗಡ್ಡೆ ಅಲ್ಲ. ಆದರೂ ದೋಣಿಯಲ್ಲೇ ಹೋಗಬೇಕು. ಯಾಕೆಂದರೆ ಅದರ ಹಿಂದೆ ಬಂಡೆಯ ಗೋಡೆ ಇದೆ. ಅದನ್ನು ದಾಟಿ ರಸ್ತೆ ಹೋಗಿಲ್ಲ.

ಮೊದಲು ವ್ಯಾನಿನಲ್ಲಿ ಆವ್ ನಾಂಗ್ ಎಂಬ ಕಡಲೂರಿಗೆ ಬಂದೆವು. ನಾವು ಉಳಿಯುವ ಮನೆಯ ಹೆಸರನ್ನು ಥಾಯ್ ಅಕ್ಷರದಲ್ಲೂ ಬರೆಸಿ ತರಿಸಿಕೊಂಡಿದ್ದೆವು. ಚೀಟಿ ತೋರಿಸಿದೆವು. ಚಾಲಕ ಓದಿ ತಲೆ ಆಡಿಸಿದ. ನಮಗೆ ಓದಲು ಬಾರದ ಅಕ್ಷರ ನಮ್ಮನ್ನು ಸರಿಯಾದ ಜಾಗಕ್ಕೆ ಮುಟ್ಟಿಸಿತು.

ದೋಣಿ ನಿಲ್ಲುವಲ್ಲಿ ದರದ ಹಲಗೆ ಇತ್ತು. ಮಾತು ಥಾಯ್ ಭಾಷೆಯಲ್ಲಿತ್ತು. ಅಂಕಿ ಮಾತ್ರ ನಾವು ಬಲ್ಲ ಅಂಕಿ. ಅವರ ಹಣದ ಹೆಸರು ಬಾತ್. ಅಂಕಿ ಓದಿದೆವು, ಎಣಿಸಿ ಕೊಟ್ಟೆವು, ಚೀಟಿ ಪಡೆದೆವು. ಯಾರೂ ಒಂದು ಬಾತ್ ಹೆಚ್ಚು ಕೇಳಲಿಲ್ಲ. ಅಂಕಿ ಬಂದರೆ ಅರ್ಧ ಲೋಕ ಬಂದ ಹಾಗೆ.

ಎಂಟು ಜನ ಸೇರಿದ ಮೇಲೆ ದೋಣಿ ಹೊರಟಿತು. ಮರದ ದೋಣಿ. ಹಿಂದೆ ಮೋಟಾರು ಗಾಡಿಯ ಇಂಜಿನ್ ಕೂರಿಸಿರುತ್ತಾರೆ. ಅದರಿಂದ ಉದ್ದನೆಯ ಸಲಾಕೆ ನೀರಿನೊಳಗೆ ಚಾಚಿರುತ್ತದೆ. ಸಲಾಕೆಯ ತುದಿಯಲ್ಲಿ ತಿರುಗುವ ರೆಕ್ಕೆ. ಅದಕ್ಕೇ 'ಉದ್ದ ಬಾಲದ ದೋಣಿ' ಅನ್ನುತ್ತಾರೆ. ದೋಣಿಯ ಮೂಗಿಗೆ ಬಣ್ಣದ ಬಟ್ಟೆ, ಹೂವಿನ ಹಾರ ಕಟ್ಟಿತ್ತು. ದೋಣಿಯನ್ನು ಕಾಯುವ ತಾಯಿ ಅಲ್ಲಿ ಇದ್ದಾಳೆ ಅಂತ ನಂಬಿಕೆ. ಅವಳನ್ನು 'ಮೇ ಯಾ ನಾಂಗ್' ಅನ್ನುತ್ತಾರೆ. ನಮ್ಮವರು ಗಾಡಿಗೆ, ನೇಗಿಲಿಗೆ ಪೂಜೆ ಮಾಡುವುದಿಲ್ಲವೇ, ಹಾಗೆ. ಆ ಮೂಗಿನ ಮೇಲೆ ನಾವು ಕಾಲಿಡಲಿಲ್ಲ.

ಕಾಲು ಗಂಟೆಯ ಪ್ರಯಾಣ. ಒಂದು ತಿರುವು ದಾಟಿದೊಡನೆ ಬಂಡೆಗಳು ಕಂಡವು. ಬಿಳಿ, ಬೂದಿ, ಕೆಂಗಂದು ಬಣ್ಣ. ಕಡಲಿನಿಂದ ನೇರ ಮೇಲೆದ್ದ ಗೋಡೆಗಳು. ಕಲ್ಲು ಮೇಣದ ಹಾಗೆ ಕರಗಿ ಕೆಳಗೆ ಇಳಿಬಿದ್ದಿತ್ತು. ನಾವಿಬ್ಬರೂ ಮಾತಾಡಲಿಲ್ಲ. ಮೊಣಕಾಲುದ್ದ ನೀರಿಗೆ ಇಳಿದು, ಚೀಲವನ್ನು ತಲೆ ಮೇಲೆ ಹೊತ್ತು, ದಡ ಸೇರಿದೆವು.

ಆ ಕಲ್ಲು ಸುಣ್ಣದ ಕಲ್ಲು. ಕೋಟಿ ಕೋಟಿ ವರ್ಷಗಳ ಹಿಂದೆ ಕಡಲ ಜೀವಿಗಳು ಸತ್ತು, ಅವುಗಳ ಚಿಪ್ಪು ತಳದಲ್ಲಿ ಕೂಡಿ ಕಲ್ಲಾಯಿತು. ಆಮೇಲೆ ಭೂಮಿ ಅದನ್ನು ಮೇಲೆತ್ತಿತು. ಮಳೆ ನೀರು ಸುಣ್ಣವನ್ನು ನಿಧಾನವಾಗಿ ಕರಗಿಸುತ್ತದೆ. ಆದ್ದರಿಂದ ಅಲ್ಲಿ ಗುಹೆ, ತೂತು, ಇಳಿಬಿದ್ದ ಕಲ್ಲು. ಉತ್ತರ ಕನ್ನಡದ ಯಾಣದ ಬಂಡೆಗಳೂ ಸುಣ್ಣದ ಕಲ್ಲಿನವೇ. ರಾಮನಗರದ್ದು ಬೇರೆ ಜಾತಿ. ಅದು ಕಾದ ರಸ ತಣಿದು ಗಟ್ಟಿಯಾದ ಕಲ್ಲು.

ಹಳೆಯ ಹಗ್ಗ

ಮರುದಿನ ಬೆಳಿಗ್ಗೆ ಎದ್ದೆವು. ಚೀಲ ಬಂದಿರಲಿಲ್ಲ. ನಮಗಿದ್ದದ್ದು ನಾಲ್ಕೇ ದಿನ.

ಪಕ್ಕದ ಕೋಣೆಯಲ್ಲಿ ಬೇರೆ ದೇಶದ ಒಬ್ಬರು ಇದ್ದರು. ಅವರೂ ಬಂಡೆ ಏರುವವರೇ. ಅಂದೇ ಊರಿಗೆ ಹೊರಟಿದ್ದರು. ನಮ್ಮ ಕಷ್ಟ ಕೇಳಿ ಮರುಗಿದರು. ತಮ್ಮ ಹಗ್ಗ ತಂದು ಮುಂದಿಟ್ಟರು. "ದುಡ್ಡು ಬೇಡ, ಇಟ್ಟುಕೊಳ್ಳಿ" ಅಂದರು. ಎಷ್ಟು ಒಳ್ಳೆಯ ಮನಸ್ಸು!

ನಾವು ಅವರಿಗೆ ಕೈ ಮುಗಿದೆವು. ಆಮೇಲೆ ಹಗ್ಗವನ್ನು ನೋಡಲು ಕೂತೆವು.

ಬಂಡೆ ಏರುವ ಹಗ್ಗ ಬಾವಿ ಹಗ್ಗದ ಹಾಗಲ್ಲ. ನೈಲಾನಿನದು. ದಪ್ಪ ಸುಮಾರು 10 ಮಿಲಿಮೀಟರ್, ಅಂದರೆ ಕಿರುಬೆರಳಿನಷ್ಟು. ಉದ್ದ 60 ಅಥವಾ 70 ಮೀಟರ್. ಒಳಗೆ ಎಳೆಗಳ ತಿರುಳು. ಹೊರಗೆ ನೇಯ್ದ ಹೊದಿಕೆ. ಬಿದ್ದರೆ ಸ್ವಲ್ಪ ಹಿಗ್ಗಿ ಏಟನ್ನು ತಾನು ನುಂಗುತ್ತದೆ. ಬಿಸಿಲು, ಮರಳು, ಉಪ್ಪು, ಉಜ್ಜಾಟ ಎಲ್ಲವೂ ಅದನ್ನು ಸವೆಸುತ್ತವೆ. ಹೊರಗೆ ಚೆನ್ನಾಗಿ ಕಂಡರೂ ಒಳಗಿನ ತಿರುಳು ಪೆಟ್ಟು ತಿಂದಿರಬಹುದು.

ನೋಡುವುದು ಹೇಗೆ? ತುದಿಯಿಂದ ತುದಿಯವರೆಗೆ ಗೇಣು ಗೇಣಾಗಿ ಕೈಯಲ್ಲಿ ಹಿಸುಕಿ ನೋಡಬೇಕು. ಅಕ್ಕಿ ಆರಿಸುವ ಹಾಗೆ. ಎಲ್ಲಾದರೂ ಮೆತ್ತಗೆ ಆಗಿದೆಯೇ? ಚಪ್ಪಟೆ ಆಗಿದೆಯೇ? ಹೊದಿಕೆ ಎದ್ದು ತಿರುಳು ಕಾಣುತ್ತಿದೆಯೇ? ಬಗ್ಗಿಸಿದರೆ ದುಂಡಗೆ ಬಾಗಬೇಕು. ಮುರಿದ ಹಾಗೆ ಮಡಚಿಕೊಂಡರೆ ಒಳಗೆ ಕೆಟ್ಟಿದೆ ಅಂತ ಅರ್ಥ.

ಆ ಹಗ್ಗದಲ್ಲಿ ಹೊದಿಕೆ ಅಲ್ಲಲ್ಲಿ ಜುಂಜು ಎದ್ದಿತ್ತು. ಒಂದು ಕಡೆ ಬೆರಳಿಗೆ ಮೆತ್ತಗೆ ಸಿಕ್ಕಿತು. ನಾವು ಕೇಳಿದೆವು: "ಇದು ಎಷ್ಟು ವರ್ಷದ್ದು?" ಅವರಿಗೆ ಗೊತ್ತಿರಲಿಲ್ಲ. ಅವರಿಗೂ ಯಾರೋ ಕೊಟ್ಟಿದ್ದಂತೆ. "ಇದರ ಮೇಲೆ ಎಷ್ಟು ಸಲ ಬಿದ್ದಿದ್ದಾರೆ?" ಅದೂ ಗೊತ್ತಿಲ್ಲ.

ನಮ್ಮಿಬ್ಬರಲ್ಲಿ ಒಬ್ಬಳಿಗೆ ಆಸೆ. "ಚಿಕ್ಕ ಬಂಡೆ ಏರೋಣ. ಒಂದೇ ದಿನ ತಾನೇ? ಎರಡು ವರ್ಷದ ದುಡ್ಡು ಕಣೇ" ಅಂದಳು. ಇನ್ನೊಬ್ಬಳು "ಬೇಡ ಕಣೇ" ಅಂದಳು.

ಅಲ್ಲಿಗೆ ಮಾತು ಮುಗಿಯಿತು. ಯಾಕೆಂದರೆ ನಮ್ಮಿಬ್ಬರ ನಡುವೆ ಒಂದು ಒಪ್ಪಂದ ಇದೆ. ಒಬ್ಬಳು ಬೇಡ ಅಂದರೆ ಇಬ್ಬರಿಗೂ ಬೇಡ. ಕಾರಣ ಕೇಳಬಹುದು. ಒತ್ತಾಯ ಮಾಡುವ ಹಾಗಿಲ್ಲ. ಹೆದರಿದವಳು ಅಂತ ಹಂಗಿಸುವ ಹಾಗಿಲ್ಲ. ಹಗ್ಗದ ಎರಡು ತುದಿಗೆ ಎರಡು ಜೀವ. ಒಂದು ತುದಿಯವಳು ಒಪ್ಪದೆ ಇನ್ನೊಂದು ತುದಿಯವಳು ಏರಬಾರದು.

ಕೊಟ್ಟವರಿಗೆ ಬೇಜಾರಾಗದ ಹಾಗೆ ಹೇಳಿ ಹಗ್ಗ ಹಿಂದಕ್ಕೆ ಕೊಟ್ಟೆವು. ಅವರೂ ಆ ಮೆತ್ತಗಿನ ಜಾಗವನ್ನು ಮುಟ್ಟಿ ನೋಡಿದರು. ಚಾಕು ತಂದು ಹಗ್ಗವನ್ನು ಅಲ್ಲೇ ಕತ್ತರಿಸಿದರು. ಮುಂದೆ ಯಾರೂ ಅದನ್ನು ಏರಲು ಬಳಸದಿರಲಿ ಅಂತ. ಅವರ ಮೇಲೆ ನಮಗೆ ಗೌರವ ಇನ್ನೂ ಹೆಚ್ಚಾಯಿತು.

ಅಂಗಡಿಯಲ್ಲಿ ಒಳ್ಳೆಯ ಹಗ್ಗ ಬಾಡಿಗೆಗೆ ಸಿಗುತ್ತಿತ್ತು. ಆದರೆ ಊಟದ ದುಡ್ಡಿಗೆ ಕೈ ಹಾಕಬೇಕಿತ್ತು. ಸಂಜೆಯವರೆಗೆ ಕಾಯೋಣ, ಬಾರದಿದ್ದರೆ ನಾಳೆ ಬಾಡಿಗೆಗೆ ತರೋಣ ಅಂತ ಮಾತಾಡಿಕೊಂಡೆವು. ತಾಳಿದವನು ಬಾಳಿಯಾನು ಅಂತ ಗಾದೆಯೇ ಇದೆಯಲ್ಲ.

ಕೋಳಿ, ಮೊಟ್ಟೆ, ಎಮ್ಮೆ

ಕಾಯುವ ದಿನ ಸುಮ್ಮನೆ ಹೋಗಲಿಲ್ಲ. ಅಂದು ನಾವು ಅಕ್ಷರ ಕಲಿತೆವು.

ಊಟ ಮಾಡಲು ಒಂದು ಚಿಕ್ಕ ಅಂಗಡಿಗೆ ಹೋದೆವು. ನಡೆಸುವವರು ಒಬ್ಬ ಅಜ್ಜಿ. "ಸವಾದ್ದೀ ಖಾ" ಅಂತ ಕೈ ಮುಗಿದರು. ನಮಸ್ಕಾರ ಅಂತ ಅರ್ಥ. 'ಸ್ವಸ್ತಿ' ಎಂಬ ಸಂಸ್ಕೃತ ಮಾತಿನಿಂದ ಬಂದದ್ದು. ನಾವಿಬ್ಬರೂ ಮಾಂಸ, ಮೀನು ತಿನ್ನುವುದಿಲ್ಲ. ಅಲ್ಲಿ ಪಲ್ಯಕ್ಕೂ ಮೀನಿನ ರಸ ಹಾಕುತ್ತಾರೆ. ಹೇಗೆ ಹೇಳುವುದು? ಅಂಗಡಿಯ ಮುಂದೆ ಹಳದಿ ಬಾವುಟ ಇತ್ತು. ಅದರ ಮೇಲೆ ಕೆಂಪಿನಲ್ಲಿ ಎರಡು ಗುರುತು. ನೋಡಲು 17 ಅಂಕಿಯ ಹಾಗೆ ಇತ್ತು. ಅದನ್ನು 'ಜೇ' ಅಂತ ಓದಬೇಕು. ಮಾಂಸ, ಮೀನು, ಮೊಟ್ಟೆ ಇಲ್ಲದ ಅಡುಗೆ ಅಂತ ಅರ್ಥ. ಅದೇ ನಾವು ಓದಲು ಕಲಿತ ಮೊದಲ ಥಾಯ್ ಮಾತು. ಹೊಟ್ಟೆ ಹಸಿದಾಗ ಅಕ್ಷರ ಬೇಗ ತಲೆಗೆ ಹತ್ತುತ್ತದೆ!

ಗೋಡೆಯ ಮೇಲೆ ಕ್ಯಾಲೆಂಡರ್ ಇತ್ತು. ಅದರಲ್ಲಿ 2568 ಇಸವಿ. ನಮಗೆ ಗಾಬರಿ. ಅಲ್ಲಿ ವರ್ಷವನ್ನು ಬುದ್ಧನ ನಿರ್ವಾಣದಿಂದ ಲೆಕ್ಕ ಹಾಕುತ್ತಾರೆ. ನಮ್ಮ 2025ಕ್ಕೆ 543 ಕೂಡಿಸಿ. 2568 ಆಗುತ್ತದೆ. ನೀವೂ ಪಾಟಿಯ ಮೇಲೆ ಕೂಡಿ ನೋಡಿ.

ಕ್ಯಾಲೆಂಡರಿನ ಪಕ್ಕದಲ್ಲೇ ಅಕ್ಷರಮಾಲೆಯ ಪಟ ಇತ್ತು. ಅಜ್ಜಿಯ ಮೊಮ್ಮಗಳದ್ದು. ನಾವು ನೋಡುತ್ತ ನಿಂತದ್ದು ಕಂಡು ಆ ಮಗು ಓಡಿ ಬಂತು. ಕಡ್ಡಿ ಹಿಡಿದು ನಮಗೆ ಪಾಠ ಶುರು ಮಾಡಿತು. ಮೊದಲ ಅಕ್ಷರ ಕ. ಚಿತ್ರ ಕೋಳಿ. 'ಕಾಯ್' ಅಂದರೆ ಅವರಲ್ಲಿ ಕೋಳಿ. ಎರಡನೆಯದು ಖ. ಚಿತ್ರ ಮೊಟ್ಟೆ. ಆಮೇಲೆ ಎಮ್ಮೆಯ ಚಿತ್ರ. ನಮ್ಮಲ್ಲಿ ಕ ಕಮಲ, ಗ ಗಣಪ ಇದ್ದ ಹಾಗೆ!

ಕ, ಖ ಅಂತಲೇ ಶುರುವಾಯಿತಲ್ಲ, ಯಾಕೆ? ಯಾಕೆಂದರೆ ಎರಡೂ ಲಿಪಿಗಳ ಮೂಲ ಒಂದೇ. ಅದಕ್ಕೆ ಬ್ರಾಹ್ಮಿ ಲಿಪಿ ಅನ್ನುತ್ತಾರೆ. ಅಶೋಕ ಚಕ್ರವರ್ತಿ ತನ್ನ ಮಾತುಗಳನ್ನು ಆ ಲಿಪಿಯಲ್ಲಿ ಬಂಡೆಗಳ ಮೇಲೆ ಕೆತ್ತಿಸಿದ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇಂದಿಗೂ ಅವು ಇವೆ. ಆ ಬ್ರಾಹ್ಮಿಯ ಒಂದು ಕವಲು ಬೆಳೆದು ಕನ್ನಡ ಲಿಪಿ ಆಯಿತು. ಇನ್ನೊಂದು ಕವಲು ತಮಿಳು ಸೀಮೆಯ ಪಲ್ಲವರ ಲಿಪಿ. ಅದು ಕಡಲು ದಾಟಿ ಕಾಂಬೋಡಿಯಾಕ್ಕೆ ಹೋಯಿತು. ಅಲ್ಲಿಂದ ಥಾಯ್ ಲಿಪಿ ಹುಟ್ಟಿತು. ನಾವು ಪರದೇಶ ಅಂದುಕೊಂಡು ಹೋದೆವು. ಅಲ್ಲಿ ನಮ್ಮ ಅಕ್ಷರದ ದಾಯಾದಿಗಳೇ ಕೂತಿದ್ದರು.

ಮಾತುಗಳೂ ಹಾಗೆಯೇ. ಆಹಾರಕ್ಕೆ ಅವರು 'ಆಹಾನ್' ಅನ್ನುತ್ತಾರೆ. ಭಾಷೆಗೆ 'ಫಾಸಾ'. ಗುರುವಿಗೆ 'ಖ್ರೂ'. ಅಕ್ಷರಕ್ಕೆ? 'ಅಕ್ಸಾನ್'!

ಸಂಜೆ ಬಂಡೆಯ ಬುಡದ ದಾರಿಯಲ್ಲಿ ನಡೆದೆವು. ಮಗುವೂ ಅಜ್ಜಿಯ ಕೈ ಹಿಡಿದು ಬಂತು. ಒಂದು ಕಡೆ ಕೆಂಪು ಅಕ್ಷರದ ಹಲಗೆ. ನಮಗೆ ಓದಲು ಬರಲಿಲ್ಲ. ಮಗು ಓದಿತು: "ಅನ್-ತ-ರಾಯ್." ನಾವು ಥಟ್ಟನೆ ನಿಂತೆವು. ಅಂತರಾಯ! ನಮ್ಮಲ್ಲಿ ಅಂತರಾಯ ಅಂದರೆ ಅಡ್ಡಿ, ವಿಘ್ನ. ಅವರಲ್ಲಿ ಅಪಾಯ ಅಂತ ಅರ್ಥ. ಅಜ್ಜಿ ಮೇಲೆ ಕೈ ತೋರಿಸಿದರು. ಅಲ್ಲಿ ಕಲ್ಲು ಸಡಿಲ ಆಗಿತ್ತು. ನಾವು ಆ ಬದಿ ಬಿಟ್ಟು ಈ ಬದಿಯಲ್ಲಿ ನಡೆದೆವು. ನಮ್ಮ ತಲೆ ಉಳಿಸಿದ್ದು ಸಣ್ಣ ಮಗುವಿನ ಓದು. ಅದನ್ನು ಕೇಳಲು ನಾವು ನಾಚಲಿಲ್ಲ.

ವಾಪಸು ಬಂದಾಗ ಮೆಟ್ಟಿಲ ಮೇಲೆ ನೀಲಿ ಚೀಲ ಕೂತಿತ್ತು. ದೋಣಿಯಲ್ಲಿ ಬಂದಿತ್ತು. ರಾತ್ರಿ ಮಲಗುವ ಮುಂಚೆ ನಮ್ಮ ಹಗ್ಗವನ್ನೂ ಗೇಣು ಗೇಣಾಗಿ ಹಿಸುಕಿ ನೋಡಿದೆವು. ನಮ್ಮದೇ ಆದರೂ ನೋಡಲೇಬೇಕು.

ಒಂದು, ಎರಡು, ಮೂರು

ಮೂರನೇ ದಿನ ಬಂಡೆ ಏರಿದೆವು. ರೈಲೇಯ ಪೂರ್ವ ದಡದಲ್ಲಿ ಒಂದು ಬಂಡೆಗೋಡೆ ಇದೆ. ಅದಕ್ಕೆ 'ವನ್ ಟೂ ತ್ರೀ ಗೋಡೆ' ಅಂತ ಹೆಸರು. ಅಂದರೆ ಒಂದು, ಎರಡು, ಮೂರು. ಹೊಸಬರು ಕಲಿಯುವ ಜಾಗ ಅದು. ಯಾವ ದಾರಿ ಸುಲಭ, ಯಾವುದು ಕಷ್ಟ ಅಂತ ತಿಳಿಯಲು ಅಂಕಿ, ಅಕ್ಷರ ಕೊಟ್ಟಿರುತ್ತಾರೆ. ಐದು ಅಂದರೆ ಸುಲಭ. ಏಳು ಅಂದರೆ ಬಲು ಕಷ್ಟ.

ಬಂಡೆಯಲ್ಲಿ ಅಲ್ಲಲ್ಲಿ ಲೋಹದ ಬಳೆಯಂಥ ಗೂಟ ಹುಗಿದಿರುತ್ತಾರೆ. ಏರುವವರು ಹಗ್ಗವನ್ನು ಅದಕ್ಕೆ ಕೊಂಡಿಯಿಂದ ಸೇರಿಸುತ್ತ ಹೋಗುತ್ತಾರೆ. ಮೊದಲು ಅಲ್ಲಿ ತುಕ್ಕು ಹಿಡಿಯದ ಉಕ್ಕಿನ ಗೂಟ ಹಾಕಿದ್ದರು. ಕಡಲ ಉಪ್ಪಿನ ಗಾಳಿಗೆ ಆ ಉಕ್ಕಿನೊಳಗೇ ಬಿರುಕು ಬಿಟ್ಟಿತು. ಮೇಲೆ ಹೊಳೆಯುತ್ತಿದ್ದ ಗೂಟಗಳೂ ಮುರಿದವು. ಆಮೇಲೆ ಟೈಟಾನಿಯಂ ಎಂಬ ಲೋಹದ ಗೂಟ ತಂದು, ಗಟ್ಟಿ ಅಂಟು ಹಾಕಿ ಕೂರಿಸತೊಡಗಿದರು. ಯಾವ ದಾರಿಯಲ್ಲಿ ಹೊಸ ಗೂಟ ಇದೆ ಅಂತ ಊರಿನ ಬಂಡೆ ಗುರುಗಳನ್ನು ಕೇಳಿದೆವು. ಅವರು ತೋರಿಸಿದ ದಾರಿಯನ್ನೇ ಆರಿಸಿದೆವು.

ಈಗ ಮುಖ್ಯವಾದ ಮಾತು. ಏರುವ ಮುಂಚೆ ನಾವು ಒಬ್ಬರನ್ನೊಬ್ಬರು ನೋಡುತ್ತೇವೆ. ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ, ಬಾಯಿಂದ ಹೇಳುತ್ತೇವೆ.

ಒಂದು, ಸೊಂಟದ ಪಟ್ಟಿ ಬಿಗಿಯಾಗಿದೆಯೇ?
ಎರಡು, ಏರುವವಳ ಗಂಟು ಸರಿ ಇದೆಯೇ? ಅದು ಇಂಗ್ಲಿಷಿನ 8ರ ಆಕಾರದ ಗಂಟು.
ಮೂರು, ಕೆಳಗೆ ಹಗ್ಗ ಹಿಡಿಯುವವಳ ಸಲಕರಣೆಯಲ್ಲಿ ಹಗ್ಗ ಸರಿಯಾಗಿ ಹಾಯ್ದಿದೆಯೇ?
ನಾಲ್ಕು, ಕೊಂಡಿಯ ಬೀಗ ಹಾಕಿದೆಯೇ?
ಐದು, ಹಗ್ಗದ ಕೊನೆಗೆ ಗಂಟು ಹಾಕಿದೆಯೇ? ಇಲ್ಲದಿದ್ದರೆ ಇಳಿಸುವಾಗ ಹಗ್ಗ ಮುಗಿದು ಜಾರಿ ಹೋಗಬಹುದು.

ನಾವು ಹತ್ತಾರು ಬಂಡೆ ಏರಿದ್ದೇವೆ. ಆದರೂ ಪ್ರತಿ ಸಲ ಐದನ್ನೂ ನೋಡುತ್ತೇವೆ. "ನನ್ನ ಮೇಲೆ ನಂಬಿಕೆ ಇಲ್ಲವಾ?" ಅಂತ ಯಾರೂ ಮುನಿಯುವುದಿಲ್ಲ. ನಿಮ್ಮ ಸಂಘದಲ್ಲಿ ಒಬ್ಬರು ಎಣಿಸಿದ ದುಡ್ಡನ್ನು ಇನ್ನೊಬ್ಬರು ಎಣಿಸುತ್ತಾರೆ ಅಲ್ವಾ? ಅದರಿಂದ ಸಂಘ ಒಡೆಯುವುದಿಲ್ಲ. ಇನ್ನೂ ಗಟ್ಟಿಯಾಗುತ್ತದೆ.

ಒಬ್ಬಳು ಏರಿದಳು. ಇನ್ನೊಬ್ಬಳು ಕೆಳಗೆ ಹಗ್ಗ ಹಿಡಿದಳು. ಸುಣ್ಣದ ಕಲ್ಲು ಕೈಗೆ ಚೂಪು. ಬಿಸಿಲಿಗೆ ಬೆವರು. ಅರ್ಧ ದಾರಿಯಲ್ಲಿ ಕಾಲು ಗಡಗಡ ನಡುಗಿತು. "ಬಿಗಿ!" ಅಂತ ಮೇಲಿಂದ ಕೂಗು. ಕೆಳಗಿನವಳು ಹಗ್ಗ ಬಿಗಿ ಮಾಡಿದಳು. ಸ್ವಲ್ಪ ಹೊತ್ತು ದಣಿವಾರಿಸಿಕೊಂಡಳು. "ಸಡಿಲ!" ಹಗ್ಗ ಸಡಿಲವಾಯಿತು. ಮತ್ತೆ ಏರಿದಳು. ಕೊನೆಗೆ "ಇಳಿಸು!"

ಪಕ್ಕದಲ್ಲಿ ಏಳೆಂಟು ದೇಶದವರು ಇಂಗ್ಲಿಷಿನಲ್ಲಿ ಕೂಗುತ್ತಿದ್ದರು. ನಾವು ಕನ್ನಡದಲ್ಲೇ ಕೂಗಿದೆವು. ಹಾಗಾಗಿ ಬೇರೆಯವರ ಕೂಗನ್ನು ನಮ್ಮದು ಅಂತ ತಿಳಿಯುವ ಭಯ ಇರಲಿಲ್ಲ. ಜೀವದ ಮಾತನ್ನು ತನಗೆ ಚೆನ್ನಾಗಿ ಗೊತ್ತಿರುವ ಭಾಷೆಯಲ್ಲಿ ಆಡುವುದೇ ಒಳ್ಳೆಯದು.

ಆಮೇಲೆ ಇನ್ನೊಬ್ಬಳ ಸರದಿ. ಮತ್ತೆ ಒಂದು, ಎರಡು, ಮೂರು, ನಾಲ್ಕು, ಐದು. ಮೇಲಿಂದ ಕಡಲು ಕಂಡಿತು. ದೋಣಿಗಳು ಹುಣಸೆ ಬೀಜದಷ್ಟು ಚಿಕ್ಕದಾಗಿ ಕಂಡವು. ಉಳಿದ ಎರಡು ದಿನದಲ್ಲಿ ಒಟ್ಟು ಒಂಬತ್ತು ದಾರಿ ಏರಿದೆವು.

ನಿಮಗೆ ಹೇಳುವ ಮಾತು

ಗೆಳೆಯರೇ, ನಿಮ್ಮಲ್ಲಿ ಎಲ್ಲರೂ ಬಂಡೆ ಏರಬೇಕಾಗಿಲ್ಲ. ಎಲ್ಲರೂ ಥಾಯ್ಲೆಂಡಿಗೆ ಹೋಗಬೇಕಾಗಿಲ್ಲ. ಆದರೆ ಓದಲು ಬಾರದ ಕಾಗದ ಎಲ್ಲರ ಮುಂದೆಯೂ ಒಂದು ದಿನ ಬರುತ್ತದೆ. ಬ್ಯಾಂಕಿನ ಸಾಲದ ಕಾಗದ. ಜಮೀನಿನ ಪತ್ರ. ಆಸ್ಪತ್ರೆಯಲ್ಲಿ ಸಹಿ ಕೇಳುವ ಕಾಗದ. ಆಗ "ಎಲ್ಲರೂ ಹಾಕ್ತಾರೆ, ನೀವೂ ಹಾಕಿ" ಅಂತ ಯಾರಾದರೂ ಅವಸರ ಮಾಡುತ್ತಾರೆ. ಒಳ್ಳೆಯ ಮನಸ್ಸಿನವರೇ ಇರಬಹುದು. ಆದರೂ ಆ ಕಾಗದವನ್ನು ಹಳೆಯ ಹಗ್ಗದ ಹಾಗೆ ನೋಡಿ. ಗೇಣು ಗೇಣಾಗಿ ಓದಿ. ತಿಳಿಯದಿದ್ದರೆ ಕೇಳಿ. ಮನೆಯ ಮಗುವನ್ನೇ ಕೇಳಿ, ನಾಚಬೇಡಿ. ಇಬ್ಬರು ಕೂತು ಓದಿ. ಇಬ್ಬರಲ್ಲಿ ಒಬ್ಬರಿಗೆ ಅನುಮಾನ ಇದ್ದರೂ ಅಂದು ಸಹಿ ಬೇಡ. ಒಂದು ದಿನ ತಡವಾದರೆ ಆಗಲಿ.

ಹೆಬ್ಬೆಟ್ಟು ಒತ್ತುತ್ತಿದ್ದ ಕೈ ಇವತ್ತು ಹೆಸರು ಬರೆಯುತ್ತದೆ. ಅದು ಸಣ್ಣ ಏರಿಕೆ ಅಲ್ಲ. ಮುಂದಿನ ಸಾಲು ಓದುವಾಗ ಕಾಲು ನಡುಗಿದರೆ ಕೂಗಿ ಕರೆಯಿರಿ. ಕೆಳಗೆ ಹಗ್ಗ ಹಿಡಿದವರು ಇಲ್ಲೇ, ನಿಮ್ಮ ಪಕ್ಕದಲ್ಲೇ ಕೂತಿದ್ದಾರೆ.

ಕೂಡಿ ಮಾತಾಡೋಣ

1. ಹಗ್ಗವನ್ನು ಬಿಟ್ಟಿಯಾಗಿ ಕೊಟ್ಟರೂ ಗೆಳತಿಯರು ಯಾಕೆ ಬೇಡ ಅಂದರು? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?
2. 'ಅಂತರಾಯ' ಎಂಬ ಮಾತಿಗೆ ಕನ್ನಡದಲ್ಲಿ ಏನು ಅರ್ಥ? ಥಾಯ್ ಭಾಷೆಯಲ್ಲಿ ಏನು ಅರ್ಥ?
3. ನಿಮ್ಮ ಮನೆಯಲ್ಲಿ ಎತ್ತಿಡಬೇಕಾದ ರಶೀದಿಗಳು ಯಾವುವು? ಹೆಸರು ಬರೆಯಿರಿ.
4. ಸಹಿ ಮಾಡುವ ಮುಂಚೆ ನೋಡಬೇಕಾದ ಐದು ಸಂಗತಿಗಳನ್ನು ಕೂಡಿ ಪಟ್ಟಿ ಮಾಡಿ.